ದೀಪ ಆರಿಸಿ ಮಲಗುವವರು ಯಾರು?

ಕರೆಂಟು ಹೋದೊಡನೆ ಕಂಪ್ಯೂಟರ್ ಮೇಜಿನ ಕೆಳಗಿನ ಪೆಟ್ಟಿಗೆ ‘ಕೀಂ ಕೀಂ’ ಎನ್ನುವುದನ್ನು ಮಕ್ಕಳೆಲ್ಲ ಕೇಳಿರುತ್ತಾರೆ. ಅದೇ ಯು.ಪಿ.ಎಸ್. ಅದರೊಳಗಿನ ಬ್ಯಾಟರಿ ಕಂಪ್ಯೂಟರನ್ನು ಕೆಲವು ನಿಮಿಷ ನಡೆಸುತ್ತದೆ. ಆ ನಿಮಿಷಗಳು ಕೆಲಸ ಮುಂದುವರಿಸಲಿಕ್ಕೆ ಎಂದು ಹಲವರ ಎಣಿಕೆ. ಅವುಗಳ ಮುಖ್ಯ ಉಪಯೋಗ ಬೇರೆಯೇ: ಕೆಲಸವನ್ನು ಕ್ರಮವಾಗಿ ಮುಗಿಸಿ ಯಂತ್ರವನ್ನು ನಿಲ್ಲಿಸುವುದು. ಬರೆಯುತ್ತಿರುವಾಗಲೇ ಕಂಪ್ಯೂಟರ್ ಆರಿದರೆ ಇಡೀ ತರಗತಿಯ ಅಂಕಪಟ್ಟಿಯ ಕಡತವೇ ಕೆಟ್ಟುಹೋಗಬಹುದು.

ಮನೆಯಲ್ಲಾದರೆ ಎದ್ದುಹೋಗಿ ಕಂಪ್ಯೂಟರ್ ಬಂದ್ ಮಾಡಿದರಾಯಿತು. ಆದರೆ ಕಾಲೇಜು, ಆಸ್ಪತ್ರೆಗಳಲ್ಲಿ ನಾಲ್ಕಾರು ಯು.ಪಿ.ಎಸ್.ಗಳು, ಹತ್ತಾರು ಕಂಪ್ಯೂಟರ್‌ಗಳು ಇರುತ್ತವೆ. ನಡುರಾತ್ರಿ ಕರೆಂಟು ಹೋದರೆ ಓಡಾಡುವವರು ಯಾರು? ಇವುಗಳ ಕಾವಲನ್ನು ಒಂದೇ ಸರ್ವರ್‌ಗೆ ಒಪ್ಪಿಸಬಹುದು.

ಇದಕ್ಕಾಗಿ ಇರುವ ಒಂದು ಉಚಿತ ತಂತ್ರಾಂಶ ‘ನೆಟ್‌ವರ್ಕ್ ಯು.ಪಿ.ಎಸ್. ಟೂಲ್ಸ್’; ಚಿಕ್ಕದಾಗಿ ‘ನಟ್’. ಇದರ ಮೊದಲ ರೂಪವನ್ನು ರಸೆಲ್ ಕ್ರೋಲ್ 1998ರಲ್ಲಿ ಹೊರತಂದರು. ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಡ್ರೈವರ್. ಒಂದೊಂದು ತಯಾರಿಕೆಯ ಯು.ಪಿ.ಎಸ್. ಒಂದೊಂದು ಭಾಷೆ ಆಡುವುದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ದುಭಾಷಿ ಬೇಕು. ಎರಡನೆಯದು ಈ ಸುದ್ದಿಗಳನ್ನೆಲ್ಲ ಒಂದೆಡೆ ಸೇರಿಸಿ, ಕೇಳಿದವರಿಗೆ ಜಾಲದ 3493ನೇ ಪೋರ್ಟಿನ ಮೂಲಕ ಹೇಳುವ ‘ಯುಪಿಎಸ್‌ಡಿ’. ಮೂರನೆಯದು ಪ್ರತಿ ಕಂಪ್ಯೂಟರ್‌ನಲ್ಲೂ ಕುಳಿತು ಆ ಸುದ್ದಿಯನ್ನು ಗಮನಿಸುವ ‘ಯುಪಿಎಸ್‌ಮಾನ್’. ‘ಬ್ಯಾಟರಿಯಲ್ಲಿ ನಡೆಯುತ್ತಿದೆ’, ‘ಬ್ಯಾಟರಿ ಮುಗಿಯುತ್ತಿದೆ’ ಎಂಬ ಎರಡು ಸುದ್ದಿ ಒಟ್ಟಿಗೆ ಬಂದಾಗ ಅದು ಅಪಾಯವೆಂದು ತಿಳಿಯುತ್ತದೆ.

ಹಲವು ಯು.ಪಿ.ಎಸ್.ಗಳಿದ್ದಾಗ ಒಂದು ಸುಲಭದ ಲೆಕ್ಕವಿದೆ. ಒಂದು ಸರ್ವರ್ ಎರಡು ಯು.ಪಿ.ಎಸ್.ಗಳಿಂದ ವಿದ್ಯುತ್ ಪಡೆಯುತ್ತದೆ, ಅದಕ್ಕೆ ಒಂದಿದ್ದರೂ ಸಾಕು ಎನ್ನೋಣ. ಪ್ರತಿ ಯು.ಪಿ.ಎಸ್.ಗೆ 1 ಅಂಕ. ಕನಿಷ್ಠ ಬೇಕಾದದ್ದು 1. ಒಂದು ಸೋತರೆ 2ರಲ್ಲಿ 1 ಉಳಿಯಿತು, ಕೆಲಸ ನಡೆಯಲಿ. ಎರಡೂ ಸೋತರೆ ಉಳಿದದ್ದು 0, ನಿಲ್ಲಿಸಬೇಕು. ಪಕ್ಕದ ಕೋಣೆಯ ಯು.ಪಿ.ಎಸ್.ನ ಮೇಲೆ ಬರೀ ಕಣ್ಣಿಡುವುದಾದರೆ ಅದಕ್ಕೆ 0 ಅಂಕ. ಅದು ಸೋತರೆ ಈ ಸರ್ವರ್ ನಿಲ್ಲಬೇಕಾಗಿಲ್ಲ.

ಇನ್ನು ನಿಲ್ಲಿಸುವ ಕ್ರಮ. ಮನೆಯಲ್ಲಿ ಮಕ್ಕಳೆಲ್ಲ ಮಲಗಿದ ಮೇಲೆ ಹಿರಿಯರು ಅಗುಳಿ ಹಾಕಿ, ದೀಪ ಆರಿಸಿ ಮಲಗುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಕಾವಲಿನ ಸರ್ವರ್ ತನ್ನ ಯು.ಪಿ.ಎಸ್.ನ್ನೇ ನೆಚ್ಚಿಕೊಂಡಿರುವ ಇತರ ಕಂಪ್ಯೂಟರ್‌ಗಳಿಗೆ ‘ನಿಲ್ಲಿಸಿ’ ಎಂದು ಸಾರಿ, ಅವು ಸಂಪರ್ಕ ಕಡಿದುಕೊಳ್ಳುವವರೆಗೆ ಕಾಯುತ್ತದೆ. ಬೇರೆ ಅವಧಿ ಹೇಳದಿದ್ದರೆ ಹೆಚ್ಚೆಂದರೆ 15 ಸೆಕೆಂಡು. ಆಮೇಲೆ ತಾನು ನಿಲ್ಲುತ್ತದೆ. ನಿಲ್ಲುವ ಮುನ್ನ ಯು.ಪಿ.ಎಸ್.ಗೂ ‘ನೀನೂ ಆರು’ ಎನ್ನುತ್ತದೆ.

ಯು.ಪಿ.ಎಸ್. ಏಕೆ ಆರಬೇಕು? ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ ಇದು. ಕಂಪ್ಯೂಟರ್‌ಗಳು ನಿಲ್ಲುತ್ತಿರುವಾಗಲೇ ಕರೆಂಟು ಮರಳಿತೆನ್ನಿ. ಯು.ಪಿ.ಎಸ್. ಆರಿರದಿದ್ದರೆ ಕಂಪ್ಯೂಟರ್‌ಗಳಿಗೆ ವಿದ್ಯುತ್ ಕಡಿತವೇ ಆಗಿರುವುದಿಲ್ಲ. ‘ವಿದ್ಯುತ್ ಮರಳಿದೆ, ಏಳು’ ಎಂಬ ಸೂಚನೆಯೂ ಸಿಗುವುದಿಲ್ಲ. ಬೆಳಗಾದರೂ ಅವು ನಿದ್ರಿಸುತ್ತಲೇ ಇರುತ್ತವೆ. ಯು.ಪಿ.ಎಸ್. ಒಮ್ಮೆ ಆರಿ ಮತ್ತೆ ಹೊತ್ತಿಕೊಂಡರೆ, ಹಾಗೆ ಹೊಂದಿಸಿಟ್ಟ ಕಂಪ್ಯೂಟರ್‌ಗಳು ತಾವಾಗಿ ಏಳುತ್ತವೆ. ಒಮ್ಮೆ ಹೊರಟ ‘ನಿಲ್ಲಿಸಿ’ ಎಂಬ ಆಜ್ಞೆಯನ್ನು ನಡುವೆ ಹಿಂದೆಗೆದುಕೊಳ್ಳದಿರಲು ಕಾರಣವೂ ಇದೇ.

ಮೂರು ಎಚ್ಚರಿಕೆಗಳು ಅಗತ್ಯ. ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೂ ಯು.ಪಿ.ಎಸ್. ಇರಲಿ. ಅದು ಮೊದಲೇ ಆರಿದರೆ ಸುದ್ದಿ ಯಾರಿಗೂ ಮುಟ್ಟದು. ಒಂದೇ ಮಾದರಿಯ ಎರಡು ಯು.ಪಿ.ಎಸ್.ಗಳನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿದಾಗ ಕ್ರಮಸಂಖ್ಯೆಯಿಂದ ಗುರುತಿಸಬೇಕು. ಇಲ್ಲವಾದರೆ ಒಂದರ ಸುದ್ದಿ ಇನ್ನೊಂದರ ಹೆಸರಿಗೆ ಹೋದೀತು. ಹಳೆಯ ಬ್ಯಾಟರಿ ‘ಮುಗಿಯುತ್ತಿದ್ದೇನೆ’ ಎಂದ ಮರುಕ್ಷಣವೇ ಕೈಕೊಡಬಹುದು. ಆದ್ದರಿಂದ ರಜೆಯ ದಿನ, ಎಲ್ಲ ಕಡತಗಳ ಪ್ರತಿ ತೆಗೆದಿಟ್ಟು, ಯು.ಪಿ.ಎಸ್.ಗೆ ಬರುವ ಕರೆಂಟು ತೆಗೆದು ಒಮ್ಮೆ ಪರೀಕ್ಷಿಸಬೇಕು.

ಮಗ ಅಥವಾ ಮಗಳು ಓದುವ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇದ್ದರೆ, ಯು.ಪಿ.ಎಸ್. ಎಷ್ಟು ನಿಮಿಷ ನಡೆಯುತ್ತದೆ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆ ನಿಮಿಷಗಳಲ್ಲಿ ಯಾವುದು ಮೊದಲು, ಯಾವುದು ಕೊನೆಗೆ ನಿಲ್ಲುತ್ತದೆ ಎಂಬುದನ್ನೂ ಕೇಳಿ.