ಸಾಕರ್ ಯಾರ ಪದ?

2022ರ ನವೆಂಬರ್ 29. ಕತಾರಿನ ಅಲ್ ಥುಮಾಮಾ ಸ್ಟೇಡಿಯಂನಲ್ಲಿ ಅಮೆರಿಕ ಇರಾನನ್ನು 1-0 ಅಂತರದಿಂದ ಸೋಲಿಸಿತು. ಆ ಆಟ ನಮಗೆ ಫುಟ್‌ಬಾಲ್, ಅಮೆರಿಕದವರಿಗೆ ‘ಸಾಕರ್’. ಅದು ಅವರು ಕೆಡಿಸಿದ ಇಂಗ್ಲಿಷ್ ಅಂತ ನಗೋರೇ ಹೆಚ್ಚು.

ಆದರೆ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲೇ! 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಶುರುವಾಯ್ತು. ಅದರ ನಿಯಮದ ಆಟ ‘ಅಸೋಸಿಯೇಷನ್ ಫುಟ್‌ಬಾಲ್’. ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ವಿದ್ಯಾರ್ಥಿಗಳು ‘ಅಸೋಸಿಯೇಷನ್’ ಸ್ಪೆಲ್ಲಿಂಗಿನಿಂದ ಎಸ್-ಓ-ಸಿ ಕಿತ್ತು, ಬಾಲ ಅಂಟಿಸಿ ‘ಸಾಕರ್’ ಮಾಡಿದರು; ರಗ್ಬಿ ‘ರಗ್ಗರ್’ ಆದ ಹಾಗೆ.

ಗಲ್ಫ್‌ನಲ್ಲಿ ಬೆಳೆಯೋ ಕನ್ನಡದ ಮಕ್ಕಳ ಕಿವಿಗೆ ಭಾರತದ, ಬ್ರಿಟನ್ನಿನ, ಅಮೆರಿಕದ ಇಂಗ್ಲಿಷ್ ಒಟ್ಟಿಗೇ ಬೀಳುತ್ತೆ. ‘ಅದು ತಪ್ಪು’ ಅಂತ ಗದರೋ ಮುಂಚೆ ಆ ಪದದ ಚರಿತ್ರೆ ನೋಡಿ. ಮೂಲ ಗೊತ್ತಿಲ್ಲದೆ ನಕ್ಕರೆ ಮಗು ಕಲಿಯೋದು ಇಂಗ್ಲಿಷನ್ನಲ್ಲ, ಅಂಜಿಕೆಯನ್ನ.