ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ಮನಿರಿ

ಬೇಸಿಗೆ ಬಂತೆಂದರೆ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಲಡಾಖ್ ಪ್ರವಾಸದ ಕರಪತ್ರಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಬಹುತೇಕ ಎಲ್ಲದರಲ್ಲೂ ಲೆಕ್ಕ ಒಂದೇ: ಐದು ರಾತ್ರಿ, ಆರು ದಿನ. ಮೊದಲ ದಿನ ದೆಹಲಿಯಿಂದ ವಿಮಾನದಲ್ಲಿ ಲೇಹ್, ಮಧ್ಯಾಹ್ನವೇ ಊರು ಸುತ್ತಾಟ. ಎರಡನೇ ದಿನ ಖರ್ದುಂಗ್ ಲಾ ಎಂಬ ಬೆಟ್ಟದ ಘಾಟಿ ದಾಟಿ ನುಬ್ರಾ ಕಣಿವೆ. ಅಲ್ಲಿಂದ ಹಾಗೇ ಪ್ಯಾಂಗಾಂಗ್ ಸರೋವರ, ದಂಡೆಯಲ್ಲಿ ಟೆಂಟ್ ವಾಸ. ಪಕ್ಕದ ಮನೆಯ ಹುಡುಗ ಅಂಥದ್ದೊಂದನ್ನು ತಂದು, "ಕಾಕಾ, ಅಪ್ಪ-ಅವ್ವನ್ನೂ ಕರ್ಕೊಂಡು ಹೊಂಟೇವಿ. ನೀವು ಅಲ್ಲೇ ಇದ್ದವ್ರು, ಒಮ್ಮೆ ನೋಡಿಕೊಡ್ರಿ" ಅಂದ. ನೋಡಿದೆ. ಊಟ, ವಸತಿ, ಕಾರು ಎಲ್ಲದರ ವಿವರ ಇತ್ತು. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಬೇಕು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದು ನಿವೃತ್ತನಾದವನು. ಸೇವೆಯ ಒಂದಷ್ಟು ವರ್ಷ ಲೇಹ್‌ನಲ್ಲೇ ಕಳೆಯಿತು. ಆ ಊರಿನ ಮೇಲೆ ನನಗೆ ಜೀವ. ನಮ್ಮವರು ಹೋಗಬೇಕು, ಕಣ್ತುಂಬ ನೋಡಬೇಕು ಎಂಬ ಆಸೆ ನನ್ನದೂ. ಆದರೆ ವಿಮಾನದಲ್ಲಿ ಹೋಗಿ ಇಳಿದವರು ಮೊದಲ ಎರಡು ದಿನ ಊರು ಬಿಟ್ಟು ಮೇಲೆ ಹತ್ತಲೇಬಾರದು. ಅಷ್ಟು ರಜೆ ಇಲ್ಲವೆಂದಾದರೆ ಈ ವರ್ಷ ಶಿಮ್ಲಾಕ್ಕೋ ಮನಾಲಿಗೋ ಹೋಗಿ ಬನ್ನಿ, ಲೇಹ್ ಮುಂದಿನ ವರ್ಷಕ್ಕಿರಲಿ.

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ, ಬೆಂಗಳೂರು 3,000 ಅಡಿ. ದೆಹಲಿ ಇನ್ನೂ ಕೆಳಗೆ, 700 ಅಡಿಯ ಆಸುಪಾಸು. ಲೇಹ್ 11,500 ಅಡಿ. ದೆಹಲಿಯಲ್ಲಿ ವಿಮಾನ ಹತ್ತಿ ಕೊಟ್ಟ ತಿಂಡಿ ಮುಗಿಸುವಷ್ಟರಲ್ಲಿ ಅಷ್ಟು ಎತ್ತರದಲ್ಲಿ ಇಳಿದಿರುತ್ತೀರಿ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ. ಕಡಿಮೆ ಇರುವುದು ಗಾಳಿಯ ಒತ್ತಡ, ಸಮುದ್ರಮಟ್ಟದ ಮೂರನೇ ಎರಡರಷ್ಟು. ಆದ್ದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಇದನ್ನು ಅರಿತ ದೇಹ ಉಸಿರಾಟ ಜೋರು ಮಾಡುತ್ತದೆ. ಆಗ ಇಂಗಾಲದ ಡೈ ಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತದಲ್ಲಿ ಕ್ಷಾರ ಏರುತ್ತದೆ. ಆ ಕ್ಷಾರವನ್ನು ಮೂತ್ರದ ಮೂಲಕ ಕಳೆದು ಸಮ ಮಾಡಿಕೊಳ್ಳಲು ಮೂತ್ರಪಿಂಡಗಳಿಗೆ ಎರಡು-ಮೂರು ದಿನ ಬೇಕು. ಈ ಕೆಲಸವನ್ನು ಅವಸರ ಮಾಡಿಸಲು ಬರುವುದಿಲ್ಲ. ದಿನಾ ಜಿಮ್‌ಗೆ ಹೋಗುವವನಿಗೂ ಅಷ್ಟೇ ಸಮಯ, ಹೋಗದವನಿಗೂ ಅಷ್ಟೇ. ನಾನು ಕಂಡಂತೆ ಗಟ್ಟಿಮುಟ್ಟಾದ ತರುಣರೇ ಹೆಚ್ಚು ತೊಂದರೆಗೆ ಸಿಕ್ಕುತ್ತಿದ್ದರು, ತಲೆನೋವನ್ನು ಲೆಕ್ಕಿಸದೆ ಓಡಾಡುತ್ತಿದ್ದವರು ಅವರೇ.

ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ. ಹೊಸದಾಗಿ ಬಂದ ಜವಾನರ ಬ್ಯಾರಕ್ಕಿನಲ್ಲಿ ರಾತ್ರಿ ಪಾಳಿ ಮಾಡುವಾಗ ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಮಲಗಿದವನ ಉಸಿರು ಆಳವಾಗುತ್ತ ಹೋಗಿ, ಸಣ್ಣಗಾಗಿ, ಒಮ್ಮೆ ನಿಂತೇಬಿಡುತ್ತಿತ್ತು. ಕೆಲ ಕ್ಷಣದ ಮೇಲೆ ಆತ ದಡಕ್ಕನೆ ಉಸಿರೆಳೆದು ಎದ್ದು ಕೂರುತ್ತಿದ್ದ. ಇದು ಆ ಎತ್ತರದಲ್ಲಿ ಸಹಜ, ಗಾಬರಿ ಬೇಡ. ಕೋವಿಡ್ ನಂತರ ಮನೆಮನೆಗೂ ಬಂದಿರುವ ಆಕ್ಸಿಮೀಟರ್ ಒಯ್ದರೆ ಇನ್ನೊಂದು ಗಾಬರಿ ಕಾದಿರುತ್ತದೆ. ಊರಲ್ಲಿ 97 ತೋರಿಸುತ್ತಿದ್ದದ್ದು ಅಲ್ಲಿ 90ರ ಕೆಳಗೆ ಇಳಿದಿರುತ್ತದೆ. ಆರಾಮಾಗಿ ಇರುವವರಿಗೂ ಮೊದಲ ದಿನ ಹಾಗೇ. ನೋಡಬೇಕಾದದ್ದು ಮನುಷ್ಯನನ್ನು.

ಸೇನೆ ಈ ಪಾಠ ಕಲಿತದ್ದು ಜವಾನರ ಪ್ರಾಣ ತೆತ್ತು. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಪಡೆಗಳನ್ನು ಏಕಾಏಕಿ ಎತ್ತರದ ಗಡಿಗೆ ಏರಿಸಲಾಯಿತು. ಗುಂಡು ತಾಗದೆಯೇ ಜನ ಬಿದ್ದರು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಕಾಯಿಲೆ ಬಿದ್ದ 1,925 ಯೋಧರನ್ನು ಪರೀಕ್ಷಿಸಿ ಬರೆದ ವರದಿ 1969ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಎತ್ತರದ ಕಾಯಿಲೆಯ ಬಗ್ಗೆ ಓದುವವರು ಇವತ್ತಿಗೂ ಅದನ್ನು ತಿರುವಿಹಾಕುತ್ತಾರೆ. ನನ್ನ ಕಾಲಕ್ಕೆ ನಿಯಮ ಕಟ್ಟುನಿಟ್ಟಾಗಿತ್ತು: 9,000ದಿಂದ 12,000 ಅಡಿಯ ಜಾಗಕ್ಕೆ ಬಂದವರಿಗೆ ಆರು ದಿನ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ನಂತರದ ಎರಡು ದಿನ ಸಮತಟ್ಟಿನಲ್ಲಿ ನಿಧಾನ ನಡಿಗೆ, ಕೊನೆಯ ಎರಡು ದಿನ ತುಸು ಏರು. ಅದಕ್ಕಿಂತ ಮೇಲೆ ಹೋಗಬೇಕಾದವರಿಗೆ ಮತ್ತೆ ನಾಲ್ಕು ದಿನ, ಇನ್ನೂ ಮೇಲಕ್ಕೆ ಮತ್ತೆ ನಾಲ್ಕು. ರಜೆ ಮುಗಿಸಿ ಊರಿಂದ ವಾಪಸಾದ ಹಳೆಯ ಜವಾನನಿಗೂ ವಿನಾಯಿತಿ ಇರಲಿಲ್ಲ.

ಆರಿಸಿ ತೆಗೆದ ಇಪ್ಪತ್ತೆರಡರ ಯೋಧನಿಗೆ ಆರು ದಿನ ಕೊಡುವ ಜಾಗ ಅದು. ಬಿಪಿ ಮಾತ್ರೆ ನುಂಗುವ ಐವತ್ತೆಂಟರ ಅಂಗಡಿಕಾರನನ್ನು, ಅವನ ಹೆಂಡತಿಯನ್ನು ಮರುದಿನವೇ 17,582 ಅಡಿಯ ಖರ್ದುಂಗ್ ಲಾಕ್ಕೆ ಹತ್ತಿಸುವುದು ಯಾವ ನ್ಯಾಯ? ಲೇಹ್ ಆಡಳಿತವೇ 48 ಗಂಟೆ ವಿಶ್ರಾಂತಿ ಮಾಡಿ ಎಂದು ಪ್ರವಾಸಿಗರಿಗೆ ಹೇಳುತ್ತದೆ. ನಮ್ಮ ಸರ್ಕಾರದ ಸಹಾಯಧನ ಪಡೆದು ಕೈಲಾಸ ಮಾನಸ ಸರೋವರಕ್ಕೆ ಹೋಗುವವರು ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ ಮುಗಿಸಬೇಕು, ಅಲ್ಲಿ ಬೇಡವೆಂದರೆ ವಾಪಸ್. ಲೇಹ್‌ಗೆ ಟಿಕೆಟ್ ಮತ್ತು ಆಧಾರ್ ಕಾರ್ಡ್ ಸಾಕು. ಪ್ರವಾಸ ಮಾರುವವರು ಕರಪತ್ರದಲ್ಲಿ ಪ್ರತಿ ರಾತ್ರಿಯ ಮುಂದೆ ಮಲಗುವ ಜಾಗದ ಎತ್ತರವನ್ನು ಅಚ್ಚು ಹಾಕಲೇಬೇಕು ಎಂದು ನಮ್ಮ ಪ್ರವಾಸೋದ್ಯಮ ಇಲಾಖೆ ಒಂದು ಆದೇಶ ಹೊರಡಿಸಲಿ. ಅದಕ್ಕೆ ಖರ್ಚೇನೂ ಇಲ್ಲ. ಅಂಕಿ ಕಣ್ಣಿಗೆ ಬಿದ್ದರೆ ಜನ ಕೇಳುತ್ತಾರೆ.

ನನ್ನ ಕಣ್ಣೆದುರು ಇಂದಿಗೂ ನಿಲ್ಲುವವನು ಒಬ್ಬ ಜವಾನ, ಕುಸ್ತಿಯ ಮೈಕಟ್ಟಿನವನು. ಬಂದ ಎರಡನೇ ರಾತ್ರಿ ಒಣಕೆಮ್ಮು ಶುರುವಾಯಿತು. ದಾರಿಯ ಧೂಳು ಅಂದ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದವನು ಮಂಚದ ಮೇಲೆ ಕೂತು ಏದುಸಿರು ಬಿಡುತ್ತಿದ್ದ, ಐದು ನಿಮಿಷವಾದರೂ ಅದು ಇಳಿಯಲಿಲ್ಲ. ಉಗುರು ನೀಲಿಗಟ್ಟಿತ್ತು. ಬೆನ್ನಿನ ಬಲಭಾಗಕ್ಕೆ ಸ್ಟೆತಸ್ಕೋಪ್ ಇಟ್ಟೆ. ಕಿವಿಯ ಹತ್ತಿರ ಒಂದು ಎಳೆ ಕೂದಲನ್ನು ಬೆರಳಲ್ಲಿ ತಿಕ್ಕಿದರೆ ಬರುವಂಥ ಚರಚರ ಸದ್ದು. ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಆಮ್ಲಜನಕ ಹಚ್ಚಿ, ಮೇಲೇಳಲು ಬಿಡದೆ ಮಲಗಿಸಿ, ಮರುದಿನ ಬೆಳಿಗ್ಗೆಯ ವಿಮಾನದಲ್ಲಿ ಕೆಳಗೆ ಕಳಿಸಿದರು. ಬದುಕಿಕೊಂಡ. ಅವನು ಆ ರಾತ್ರಿ ಪ್ಯಾಂಗಾಂಗ್ ದಂಡೆಯ ಟೆಂಟಿನಲ್ಲಿದ್ದಿದ್ದರೆ ಆಸ್ಪತ್ರೆ ಕಣಿವೆಯಾಚೆ ಇರುತ್ತಿತ್ತು, ನಡುವೆ 17,000 ಅಡಿ ಮೀರಿದ ಚಾಂಗ್ ಲಾ.

ಆದ್ದರಿಂದ ಮನೆಯವರೆಲ್ಲ ಇಷ್ಟನ್ನು ತಿಳಿದಿರಿ. ತಲೆನೋವು, ಊಟ ಸೇರದಿರುವುದು, ಸುಸ್ತು ಬಂದರೆ ಇದ್ದಲ್ಲೇ ಇರಿ, ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ಕಫ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಲೇಹ್‌ನಲ್ಲಿ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆ ಇದೆ, ಅಲ್ಲಿನ ವೈದ್ಯರು ದಿನಬೆಳಗಾದರೆ ನೋಡುವ ಕಾಯಿಲೆ ಇದು. ಮಾತು ತಡವರಿಸಿದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ಇಡಲಾಗದೆ ವಾಲಿದರೆ, ಮಿದುಳು ಬಾತಿದೆ ಎಂದೇ ತಿಳಿಯಿರಿ. ಶ್ವಾಸಕೋಶದ ನೀರು, ಮಿದುಳಿನ ಬಾವು ಎರಡಕ್ಕೂ ಮದ್ದು ಆಮ್ಲಜನಕ ಮತ್ತು ಇಳಿಯುವುದು. ಆದರೆ ಲೇಹ್‌ನಿಂದ ರಸ್ತೆಯಲ್ಲಿ ಇಳಿಯುವುದೆಂದರೆ ಮೊದಲು ಹತ್ತಬೇಕು. ಶ್ರೀನಗರದ ದಾರಿಯಲ್ಲಿ 13,479 ಅಡಿಯ ಫೋತು ಲಾ ಇದೆ, ಮನಾಲಿ ದಾರಿಯಲ್ಲಂತೂ ಅದಕ್ಕಿಂತ ಎತ್ತರದವು ಸಾಲಾಗಿ ನಿಂತಿವೆ. ವಿಮಾನವೂ ಹೆಚ್ಚಾಗಿ ಬೆಳಗಿನ ಹೊತ್ತೇ. ಇಳಿಯುವುದು ಸುಲಭವಲ್ಲದ ಊರಿಗೆ ಏರುವಾಗಲೇ ಎಚ್ಚರ ಬೇಕು.

ಎತ್ತರದ ಕಾಯಿಲೆ ತಡೆಯಲು ಡಯಾಮಾಕ್ಸ್ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಆದರೆ ಪಕ್ಕದ ಮನೆಯವರು ಹೇಳಿದರೆಂದು ನುಂಗಬೇಡಿ, ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಿ. ಮಾತ್ರೆ ತೆಗೆದುಕೊಂಡೆನೆಂದು ಎರಡು ದಿನದ ವಿಶ್ರಾಂತಿಯನ್ನು ಕಡಿತ ಮಾಡುವಂತಿಲ್ಲ. ಅಂಗಡಿಯಲ್ಲಿ ಮಾರುವ ಪುಟ್ಟ ಆಕ್ಸಿಜನ್ ಡಬ್ಬಿ ಕೆಲ ನಿಮಿಷದ ಸಮಾಧಾನ, ಅಷ್ಟೇ. ಸಾರಾಯಿ, ನಿದ್ದೆ ಮಾತ್ರೆ ಎರಡೂ ಬೇಡ, ಉಸಿರನ್ನು ಇನ್ನಷ್ಟು ಮಂದ ಮಾಡುತ್ತವೆ. ರಸ್ತೆಯಲ್ಲೇ ಹೋಗುವವರಿಗೆ ಶ್ರೀನಗರದ ದಾರಿ ಮೇಲು. ಶ್ರೀನಗರ 5,200 ಅಡಿ, ನಡುವೆ ಕಾರ್ಗಿಲ್‌ನಲ್ಲಿ 8,800 ಅಡಿಯಲ್ಲಿ ರಾತ್ರಿ ತಂಗಬಹುದು. ಮನಾಲಿ ಕಡೆಯಿಂದ ಹೋದವರು ಸರ್ಚುವಿನಲ್ಲಿ ಮಲಗುತ್ತಾರೆ. ಅದು ಲೇಹ್‌ಗಿಂತಲೂ ಎತ್ತರ, 14,000 ಅಡಿಯ ಸುಮಾರು.

ಹಾಗಾದರೆ ಆ ಎರಡು ದಿನ ಕೋಣೆಯ ಗೋಡೆ ನೋಡುತ್ತ ಕೂರಬೇಕೇ ಎಂದು ಕೇಳುವವರಿದ್ದಾರೆ. ನನಗೆ ಕೇಳಿದರೆ ಲೇಹ್ ಸಿಗುವುದೇ ಆ ಎರಡು ದಿನದಲ್ಲಿ. ಮೊದಲ ದಿನ ಮಲಗಿ, ಬಿಸಿನೀರು, ತುಕ್ಪಾ ಸೂಪು ಕುಡಿಯಿರಿ. ಎರಡನೇ ದಿನ ಬೆಳಿಗ್ಗೆ ನಿಧಾನಕ್ಕೆ ಮುಖ್ಯ ಬಜಾರಿಗೆ ಬನ್ನಿ. ಜಾಮಾ ಮಸೀದಿಯ ಹಿಂದಿನ ಸಂದಿಯಲ್ಲಿ ತಂದೂರಿ ರೊಟ್ಟಿಯ ಅಂಗಡಿಗಳಿವೆ. ನೆಲದೊಳಗಿನ ಒಲೆಯ ಗೋಡೆಗೆ ಹಿಟ್ಟು ಬಡಿದು, ಉಬ್ಬಿದ ರೊಟ್ಟಿಯನ್ನು ಕಬ್ಬಿಣದ ಸಲಾಕೆಯಿಂದ ಕಿತ್ತು ಎದುರಿಗೆ ಹಾಕುತ್ತಾರೆ. ಬಿಸಿಬಿಸಿ ಕೊಂಡು ಉಪ್ಪು ಬೆಣ್ಣೆಯ ಗುರ್‌ಗುರ್ ಚಹಾದೊಂದಿಗೆ ತಿನ್ನಿ. ಬಜಾರಿನ ಅಂಚಿನಲ್ಲಿ ಸುತ್ತಲ ಹಳ್ಳಿಗಳ ಹೆಂಗಸರು ಮೂಲಂಗಿ, ಗಜ್ಜರಿ, ಸೊಪ್ಪು ಹರವಿಕೊಂಡು ಕೂತಿರುತ್ತಾರೆ, ಜುಲೈ-ಆಗಸ್ಟ್‌ನಲ್ಲಿ ಹೊಸ ಜರ್ದಾಳು ಹಣ್ಣೂ ಬರುತ್ತದೆ. 'ಜುಲೇ' ಎಂದು ನಮಸ್ಕಾರ ಹೇಳಿ, ಮುಖ ಅರಳುತ್ತದೆ. ಫೋಟೊ ತೆಗೆಯುವ ಮೊದಲು ಕೇಳಿ, ಏನಾದರೂ ಕೊಳ್ಳಿ. ಮೇಲೆ ಗುಡ್ಡದ ಮೇಲಿನ ಒಂಬತ್ತು ಅಂತಸ್ತಿನ ಅರಮನೆ ಹದಿನೇಳನೇ ಶತಮಾನದಲ್ಲಿ ಸೆಂಗೆ ನಮ್‌ಗ್ಯಾಲ್ ಕಟ್ಟಿಸಿದ್ದು. ಅದನ್ನು ಹತ್ತುವುದು ಈ ಎರಡು ದಿನ ಕಳೆದ ಮೇಲಿರಲಿ. ಕೆಳಗಿನ ಮಣ್ಣಿನ ಮನೆಗಳ ಓಣಿಗಳೇ ಒಂದು ಬೆಳಗಿಗೆ ಸಾಕು.

ನೀರಿನ ಮಾತು ಹೇಳದೆ ಬಿಡಲಾರೆ, ನಾನು ನವಲಗುಂದ ಸೀಮೆಯವನು. ನೆಲದ ನೀರು ಸವಳು ಎಂದು ಮಳೆಗಾಲದ ಕೆರೆನೀರನ್ನೇ ವರ್ಷವಿಡೀ ಕಾದು ಕುಡಿದ ಊರು ನಮ್ಮದು. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು ಹತ್ತು ಸೆಂಟಿಮೀಟರ್. ಬಾರ್ಲಿ ಹೊಲಕ್ಕೂ ಕುಡಿಯಲಿಕ್ಕೂ ಬೆಟ್ಟದ ಹಿಮ ಕರಗಿದ ನೀರೇ ಗತಿ. ಅದನ್ನು ಸರದಿಯ ಮೇಲೆ ಹೊಲಗಳಿಗೆ ಹಂಚಲು ಹಳ್ಳಿಯಲ್ಲಿ ಒಬ್ಬನನ್ನು ನೇಮಿಸುತ್ತಾರೆ, ಅವನನ್ನು ಚುರ್‌ಪೊನ್ ಅನ್ನುತ್ತಾರೆ. ಹಳೆಯ ಮನೆಗಳ ಶೌಚಾಲಯಕ್ಕೆ ನೀರೇ ಬೇಡ, ಮಣ್ಣು-ಬೂದಿ ಹಾಕಿ ವರ್ಷಕ್ಕೊಮ್ಮೆ ಗೊಬ್ಬರ ತೆಗೆದು ಹೊಲಕ್ಕೆ ಒಯ್ಯುತ್ತಾರೆ. ಈಗ ಹೋಟೆಲುಗಳು ನಮ್ಮಂಥವರಿಗಾಗಿ ಬೋರ್‌ವೆಲ್ ಕೊರೆಸಿ ಶವರ್, ಫ್ಲಶ್ ನಡೆಸುತ್ತಿವೆ. ಕುಡಿಯಲು ಧಾರಾಳವಾಗಿ ಬಳಸಿ, ಸ್ನಾನ ಒಂದು ಬಕೆಟ್‌ನಲ್ಲಿ ಮುಗಿಸಿ. ಮೊದಲ ದಿನ ಸ್ನಾನವನ್ನೇ ಬಿಟ್ಟರೆ ಮೈಗೂ ಒಳ್ಳೆಯದು. ಸಾಧ್ಯವಾದರೆ ಮನೆಯವರೇ ನಡೆಸುವ ಹೋಂಸ್ಟೇಯಲ್ಲಿ ಇಳಿಯಿರಿ, ಹಣ ಊರಲ್ಲೇ ಉಳಿಯುತ್ತದೆ.

ಮೂರನೇ ದಿನ ಸಿಂಧೂ ನದಿಯ ಗುಂಟ ಕೆಳಕ್ಕೆ ಹೋಗಿ. ನಿಮ್ಮುವಿನ ಬಳಿ ಝನ್ಸ್‌ಕಾರ್ ನದಿ ಬಂದು ಕೂಡುತ್ತದೆ, ಎರಡರ ಬಣ್ಣವೂ ಬೇರೆ. ಮುಂದೆ ಆಲ್ಚಿ ವಿಹಾರ. ಅಲ್ಲಿನ ಗೋಡೆಯ ಚಿತ್ರಗಳು ಎಂಟು-ಒಂಬತ್ತು ಶತಮಾನದ ಹಿಂದಿನವು, ಕಾಶ್ಮೀರಿ ಕಲಾವಿದರ ಕೈ ಇರುವಂಥವು. ಆಲ್ಚಿ ಲೇಹ್‌ಗಿಂತ ತಗ್ಗಿನಲ್ಲಿರುವುದರಿಂದ ವಯಸ್ಸಾದವರಿಗೂ ಹಿತ. ಅದಾದ ಮೇಲೆ ನುಬ್ರಾ, ಅದೂ 10,000 ಅಡಿಯ ಸುಮಾರಿನದು, ರಾತ್ರಿ ನಿದ್ದೆ ಬರುತ್ತದೆ. ದಾರಿಯಲ್ಲಿ ಖರ್ದುಂಗ್ ಲಾ ಮೇಲೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಡಿ. ಸುಮಾರು 14,000 ಅಡಿಯ ಪ್ಯಾಂಗಾಂಗ್ ಎಲ್ಲಕ್ಕಿಂತ ಕೊನೆಗೆ, ಮೈ ಒಗ್ಗಿದ ಮೇಲೆ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ಹವೆ ಕೆಟ್ಟರೆ ಲೇಹ್‌ನ ವಿಮಾನ ರದ್ದಾಗುವುದು ಮಾಮೂಲು. ದೆಹಲಿಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಡುವ ಟಿಕೆಟನ್ನು ಅದೇ ದಿನಕ್ಕೆ ಮಾಡಿಸಬೇಡಿ, ಒಂದು ದಿನ ಬಿಟ್ಟು ಮಾಡಿಸಿ.