ಸುತ್ತುವ ಬಾಗಿಲು

ಮನುಷ್ಯನನ್ನು ಒಳಗೆ ಬಿಟ್ಟು ಗಾಳಿಯನ್ನು ಹೊರಗೇ ತಡೆಯುವ ಬಾಗಿಲು ಉಂಟೆ? ಅಮೆರಿಕದ ಫಿಲಡೆಲ್ಫಿಯ ನಗರದ ಥಿಯೋಫಿಲಸ್ ವ್ಯಾನ್ ಕ್ಯಾನೆಲ್ 1888ರಲ್ಲಿ ಅಂತಹದೊಂದಕ್ಕೆ ಪೇಟೆಂಟ್ ಪಡೆದನು. ನಡುಗಂಬದ ಸುತ್ತ ತಿರುಗುವ ರೆಕ್ಕೆಗಳಿಂದಾಗಿ ದಾರಿಯು ಯಾವ ಕ್ಷಣದಲ್ಲಿಯೂ ಪೂರ್ತಿ ತೆರೆದಿರದು. ಚಳಿಗಾಳಿ, ಧೂಳು, ಬೀದಿಯ ಗದ್ದಲ ಎಲ್ಲವೂ ಹೊರಗೇ ಉಳಿಯುವುವು.

ಈ ಗುಣವೇ ಒಮ್ಮೆ ಮೃತ್ಯುವಾಯಿತು. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ‘ಕೋಕೋನಟ್ ಗ್ರೋವ್’ ಎಂಬ ವಿಲಾಸಮಂದಿರಕ್ಕೆ ಬೆಂಕಿ ಬಿದ್ದಿತು. ಮುಖ್ಯದ್ವಾರದಲ್ಲಿದ್ದುದು ಸುತ್ತುವ ಬಾಗಿಲು. ನುಗ್ಗಿದವರು ಎಡಬಲದ ರೆಕ್ಕೆಗಳನ್ನು ಒಮ್ಮೆಗೇ ನೂಕಿದರು. ಬಾಗಿಲು ಸುತ್ತಲಾರದೆ ನಿಂತಿತು. ಉಳಿದ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿತ್ತು. ಕೆಲವು ಒಳಮುಖವಾಗಿ ತೆರೆಯುವಂಥವು. ಆ ರಾತ್ರಿಯ ದುರಂತಕ್ಕೆ 492 ಮಂದಿ ಬಲಿಯಾದರು.

ಅನಂತರ ಅಲ್ಲಿ ನಿಯಮಗಳು ಬಿಗಿಯಾದುವು. ಸುತ್ತುವ ಬಾಗಿಲಿನ ಮಗ್ಗುಲಲ್ಲಿ ಹೊರಕ್ಕೆ ತೆರೆಯುವ ಸಾಧಾರಣ ಬಾಗಿಲಿರಬೇಕು. ಬಲವಾಗಿ ಒತ್ತಿದರೆ ರೆಕ್ಕೆಗಳು ಪುಸ್ತಕದ ಹಾಳೆಗಳಂತೆ ಮಡಿಚಿಕೊಂಡು ಎರಡು ಪಕ್ಕದಲ್ಲಿಯೂ ದಾರಿ ಬಿಡಬೇಕು. ಅಂದರೆ, ಅವಸರ ಬಂದಾಗ ಬಾಗಿಲು ತಾನು ಬಾಗಿಲೆಂಬುದನ್ನೇ ಮರೆಯಬೇಕು!

ದೊಡ್ಡ ಹೋಟೆಲಿನ ಸುತ್ತುವ ಬಾಗಿಲನ್ನು ಮಕ್ಕಳು ಬೆರಗಿನಿಂದ ನೋಡುತ್ತಿರುವಾಗ, ಹಿರಿಯರು ಪಕ್ಕದ ಬಾಗಿಲಿಗೆ ಬೀಗ ಬಿದ್ದಿದೆಯೆ ಎಂದು ನೋಡಿಕೊಳ್ಳುವುದು ಲೇಸು.